ಗೇಟು ದಾಟದ ಮಾಲು

ಮೊದಲು ಕಪ್ಪಾದದ್ದು ಅವಳ ಬೆರಳ ಗಂಟುಗಳು.

ಆಮೇಲೆ ಮೊಣಕೈ. ಆಮೇಲೆ ತುಟಿ. ನನ್ನ ಮಗಳು ಪಲ್ಲವಿ ಆಗ ಎರಡನೇ ಕ್ಲಾಸು. ಹುಟ್ಟಿದಾಗ ಅವಳದು ತಾಯಿಯ ಬಣ್ಣ, ತಿಳಿ ಗೋದಿ. ನಾನು ಕಪ್ಪು. ಅದೂ ಸಾಧಾರಣ ಕಪ್ಪಲ್ಲ. ತುರ್ಭೆಯ ನಮ್ಮ ಗೋದಾಮಿನಲ್ಲಿ ಕರೆಂಟು ಹೋದರೆ ಹಮಾಲರು, "ಮುಕಾದಮ, ಸ್ವಲ್ಪ ನಗ್ರಿ, ಎಲ್ಲಿ ಅದೀರಿ ಗೊತ್ತಾಗ್ಲಿ" ಎಂದು ಚೇಷ್ಟೆ ಮಾಡುತ್ತಿದ್ದರು. ಹೀಗಾಗಿ ಮಗಳು ತಿಂಗಳಿಂದ ತಿಂಗಳಿಗೆ ಕಪ್ಪಾಗುತ್ತಾ ಬಂದಾಗ ನಮ್ಮ ಮನೆಯಲ್ಲಿ ಯಾರಿಗೂ ಗಾಬರಿಯಾಗಲಿಲ್ಲ. ಮುಚ್ಚಿಡುವುದೇಕೆ, ನನಗಂತೂ ಒಳಗೊಳಗೇ ಖುಷಿಯಾಗಿತ್ತು. ಅಂತೂ ಮಗಳು ಅಪ್ಪನ ಕಡೆ ವಾಲಿದಳು ಎಂದುಕೊಂಡಿದ್ದೆ.

ಆ ಖುಷಿಯನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಒಂದು ಹಳ್ಳಿ. ಪಿಯುಸಿ ಮುಗಿಸಿ ಠಾಣೆ ಹತ್ತಿರದ ಈ ತುರ್ಭೆಗೆ ಬಂದವನು ನಾನು. ಮೊದಲು ಹಮಾಲನಾಗಿ ಮೂಟೆ ಹೊತ್ತೆ. ಈಗ ಹನ್ನೆರಡು ಜನ ಹಮಾಲರ ಮುಕಾದಮ. ಯಾವ ಲಾರಿಗೆ ಯಾರು, ಯಾವ ಮಾಲು ಯಾವ ಮೂಲೆಗೆ ಎಂದು ಹೇಳುವುದು ನನ್ನ ಕೆಲಸ. ಹೆಂಡತಿ ಸುವರ್ಣ ನನ್ನ ಸ್ವಂತ ಅಕ್ಕನ ಮಗಳು. ನಮ್ಮಲ್ಲಿ ಅಕ್ಕನ ಮಗಳನ್ನು ಮಾಡಿಕೊಳ್ಳುವುದು ವಾಡಿಕೆ. ಅಕ್ಕ ಗೌರವ್ವನೇ ನಿಂತು ಮಾಡಿಸಿದ ಮದುವೆ ಅದು. ಅವಳು ನನಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಎರಡೂ ಅಧಿಕಾರವನ್ನು ಸರಿಯಾಗಿ ಚಲಾಯಿಸುತ್ತಾಳೆ.

ಪಂಚಮಿಗೆ ಊರಿಂದ ಬಂದ ಅಕ್ಕನೇ ಮೊದಲು ಕೇಳಿದ್ದು.

"ತಮ್ಮಾ, ಕೂಸಿನ ಬಣ್ಣ ಯಾಕ ಹಿಂಗಾತು?"

"ನನ್ನ ಮಗಳಲ್ಲೇನ ಅಕ್ಕ? ನನ್ನಂಗ ಆಗ್ಯಾಳ."

ಅಕ್ಕನಿಗೆ ನನ್ನ ಮಾತು ಹಿಡಿಸಲಿಲ್ಲ. ತುರ್ಭೆಯ ಹೊಗೆ, ನಳದ ನೀರು, ಶಾಲೆಯ ಅಂಗಳದ ಬಿಸಿಲು, ಎಲ್ಲವನ್ನೂ ಬೈದಳು. ಹದಿನೈದು ದಿನ ಕಡಲೆಹಿಟ್ಟು, ಅರಿಶಿಣ, ಹಾಲಿನ ಕೆನೆ ಕಲಸಿ ಮೊಮ್ಮಗಳನ್ನು ತಿಕ್ಕಿದಳು. ಪಲ್ಲವಿ ಅತ್ತಳು. ಬಣ್ಣ ಒಂದಿಷ್ಟೂ ಕದಲಲಿಲ್ಲ.

ಬಣ್ಣದ ಜೊತೆ ಸುಸ್ತೂ ಬಂದಿತ್ತು. ಅದನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ಶಾಲೆಯಿಂದ ಬಂದವಳು ದಪ್ತರ ಹೆಗಲಲ್ಲಿ ಇದ್ದ ಹಾಗೆಯೇ ಚಾಪೆಯ ಮೇಲೆ ಉರುಳುತ್ತಿದ್ದಳು. ಬೇರೆ ಮಕ್ಕಳಿಗೆ ಜ್ವರ ಬಂದರೆ ಎರಡು ದಿನ, ಇವಳಿಗೆ ಹತ್ತು ದಿನ. ಓಣಿಯ ಡಾಕ್ಟರು ಟಾನಿಕ್ ಬರೆದರು. ಕುಡಿಸಿದೆವು. ಇನ್ನೊಂದು ಟಾನಿಕ್ ಬರೆದರು. ಅದನ್ನೂ ಕುಡಿಸಿದೆವು.

ಮಳೆಗಾಲದಲ್ಲಿ ಒಮ್ಮೆ ವಾಂತಿ, ಭೇದಿ ಶುರುವಾಯಿತು. ಎರಡನೇ ದಿನ ಬೆಳಿಗ್ಗೆ ಸುವರ್ಣ ಶಾಲೆಗೆಂದು ಎಬ್ಬಿಸಲು ಹೋದಳು.

ಪಲ್ಲವಿ ಏಳಲಿಲ್ಲ.

ಹೊತ್ತುಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಓಡಿದೆ. ಕ್ವಿಂಟಾಲಿನ ಮೂಟೆ ಹೊತ್ತ ಬೆನ್ನು ನನ್ನದು. ಹದಿನೆಂಟು ಕೆಜಿಯ ಮಗಳು ಅವತ್ತು ಭಾರವಾದಳು. ಬೆರಳಿಗೆ ಸೂಜಿ ಚುಚ್ಚಿ ನೋಡಿದ ನರ್ಸ್, "ಶುಗರ್ ಮೂವತ್ತೆರಡು" ಎಂದು ಕೂಗಿದಳು. ಗ್ಲೂಕೋಸ್ ಏರಿಸಿದರು. ಕಾಲು ಗಂಟೆಯಲ್ಲಿ ಕಣ್ಣು ಬಿಟ್ಟಳು. "ಪಪ್ಪಾ, ಬಿಸ್ಕಿಟ್ ಹೈ ಕ್ಯಾ?" ಎಂದಳು. ಇಲ್ಲೇ ಹುಟ್ಟಿದ ಮಕ್ಕಳು ಹಾಗೆ. ನಾವು ಕನ್ನಡದಲ್ಲಿ ಕೇಳಿದರೆ ಅವರು ಹಿಂದಿಯಲ್ಲಿ ಹೇಳುತ್ತಾರೆ. ಅವತ್ತು ಅವಳು ಯಾವ ಭಾಷೆಯಲ್ಲಿ ಕೇಳಿದ್ದರೂ ನಾನು ಇಡೀ ಬೇಕರಿ ತಂದುಕೊಡುತ್ತಿದ್ದೆ.

ಅದೇ ವರ್ಷ ಇನ್ನೆರಡು ಸಲ ಹೀಗೇ ಆಯಿತು. ಮೂರನೇ ಸಲ ನರ್ಸಿಂಗ್ ಹೋಮಿನವರು, ಇದು ನಮ್ಮ ಕೈಲಾಗುವುದಿಲ್ಲ, ಠಾಣೆಯ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದು ಚೀಟಿ ಬರೆದುಕೊಟ್ಟರು.

ಠಾಣೆಯಲ್ಲಿ ನಮ್ಮನ್ನು ಮೊದಲು ನೋಡಿದವನು ಇನ್ನೂ ಮೀಸೆ ಸರಿಯಾಗಿ ಬಲಿಯದ ಡಾಕ್ಟರ್. ಪಲ್ಲವಿಯ ಕೈ ಹಿಡಿದು ಅಂಗೈ ತಿರುಗಿಸಿದ. ಸ್ವಲ್ಪ ಹೊತ್ತು ನೋಡಿದ. ನಂತರ ನನ್ನ ಅಂಗೈ ತೋರಿಸಲು ಹೇಳಿದ. ಮಗಳಿಗೆ ಕಾಯಿಲೆ, ಅಪ್ಪನ ಕೈ ಯಾಕೆ ಎಂದುಕೊಳ್ಳುತ್ತಲೇ ಚಾಚಿದೆ. ನನ್ನ ಕಪ್ಪು ಮಣಿಕಟ್ಟಿನ ಹತ್ತಿರ ನಿಂತುಬಿಟ್ಟಿತ್ತು. ಅಂಗೈ ಎಲ್ಲರ ಅಂಗೈಯಂತೆ ತಿಳಿಯಾಗಿತ್ತು. ಅವಳ ಅಂಗೈಯ ಒಂದೊಂದು ಗೆರೆಯೂ ಮಸಿಯಲ್ಲಿ ಎಳೆದಂತಿತ್ತು. ಬಾಯಿ ತೆರೆಸಿದ. ಒಸಡು ನೇರಳೆ ಹಣ್ಣು ತಿಂದವಳ ಹಾಗೆ ಕಪ್ಪಾಗಿತ್ತು. ಒಂದೂವರೆ ವರ್ಷದಲ್ಲಿ ನಾನು ಒಮ್ಮೆಯೂ ಮಗಳ ಒಸಡು ನೋಡಿರಲಿಲ್ಲ.

"ಇದು ನಿಮ್ಮ ಬಣ್ಣ ಅಲ್ಲ" ಎಂದು ಹಿಂದಿಯಲ್ಲಿ ಹೇಳಿದ.

ಬೆಳಿಗ್ಗೆ ಎಂಟು ಗಂಟೆಗೇ ರಕ್ತ ತೆಗೆಯಬೇಕು ಎಂದರು. ತೆಗೆದ ರಕ್ತವನ್ನು ಐಸಿನ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಓಡಿದರು. ರಿಪೋರ್ಟ್ ಬಂದಾಗ ಕಾರ್ಟಿಸೋಲ್ ಎಂಬ ಹಾರ್ಮೋನ್ ಹೆಚ್ಚು ಕಡಿಮೆ ಇಲ್ಲವೇ ಇಲ್ಲ ಎಂದಾಯಿತು. ಎಸಿಟಿಎಚ್ ಎಂಬ ಇನ್ನೊಂದು, ಯಂತ್ರ ಅಳೆಯುವ ಮಿತಿಯನ್ನೂ ದಾಟಿತ್ತು. ಕಿಡ್ನಿಯ ನೆತ್ತಿಯ ಮೇಲೆ ಅಡ್ರಿನಲ್ ಎಂಬ ಸಣ್ಣ ಗ್ರಂಥಿಗಳಿವೆ, ಅವು ಕೆಲಸ ಮಾಡುತ್ತಿಲ್ಲ ಎಂದರು. ಅಲ್ಲಿಯವರೆಗೆ ಹಾಗೊಂದು ಅಂಗ ನನ್ನ ಮೈಯಲ್ಲೂ ಇದೆ ಎಂಬುದೇ ನನಗೆ ತಿಳಿದಿರಲಿಲ್ಲ. ಹೈಡ್ರೋಕಾರ್ಟಿಸೋನ್ ಮಾತ್ರೆ ಶುರು ಮಾಡಿದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ.

ಮನೆಗೆ ಬಂದ ನಾಲ್ಕನೇ ದಿನ ಪಲ್ಲವಿ ನಾವು ಬಾಡಿಗೆಗಿದ್ದ ಚಾಳಿನ ಮೆಟ್ಟಿಲನ್ನು ಓಡುತ್ತಾ ಹತ್ತಿದಳು. ಅವಳು ಓಡಿದ್ದನ್ನು ನಾವು ಕಂಡು ಎಷ್ಟೋ ತಿಂಗಳಾಗಿತ್ತು. ಸುವರ್ಣ ಒಲೆಯ ಮುಂದೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಅವಳ ಕಡೆ ನೋಡದೆ ಕುಕ್ಕರಿನ ಸೀಟಿ ಎಣಿಸಿದೆ.

ಯಾಕೆ ಹೀಗಾಯಿತು ಎಂದು ತಿಳಿಯಲು ಜೀನ್ ಟೆಸ್ಟಿಗೆ ಕಳಿಸಿದ್ದರು. ಅದರ ರಿಪೋರ್ಟ್ ಬಂದ ದಿನ ಹಾರ್ಮೋನ್ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕರೆಸಿದರು. ಬೆಳ್ಳಿ ಕೂದಲು, ಸಣ್ಣ ದನಿ. ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ನಾನು ತಲೆಯಾಡಿಸಿದೆ. ಸುವರ್ಣ ಮೊಣಕೈಯಿಂದ ತಿವಿದು, "ತಿಳಿಲಿಲ್ಲಂತ ಹೇಳ್ರಿ. ಸುಮ್ನ ಗೋಣ ಹಾಕಬ್ಯಾಡ್ರಿ" ಎಂದು ಪಿಸುಗುಟ್ಟಿದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅವರು ಹೇಳಿದ್ದು ಸರಿ ಉಂಟು. ಗೊತ್ತಾಗದಿದ್ರೆ ಕೇಳಿ, ಎಂತ ಸಂಕೋಚ?" ಎಂದರು.

ಉಡುಪಿ ಕಡೆಯವರು. ನಾವಿಬ್ಬರೂ ಪೆದ್ದರಂತೆ ನಕ್ಕೆವು. ಠಾಣೆಯ ಆ ತಣ್ಣಗಿನ ಕೋಣೆಯಲ್ಲಿ ಕನ್ನಡ ಕೇಳಿದ್ದೇ ಅರ್ಧ ರೋಗ ಇಳಿದಂತಾಯಿತು ನನಗೆ.

ಅವರು ಚೀಟಿಯ ಹಿಂದೆ ಒಂದು ಗೋಲ ಬರೆದರು. ಅದು ಅಡ್ರಿನಲ್ ಗ್ರಂಥಿಯ ಒಂದು ಜೀವಕೋಶ. ಅದರೊಳಗೆ ಅವರೆಕಾಳಿನಂಥದ್ದೊಂದು. "ಇದು ಮೈಟೋಕಾಂಡ್ರಿಯಾ. ಶಾಲೆಯಲ್ಲಿ ಓದಿದ್ದೀರಾ?"

"ಜೀವಕೋಶದ ಶಕ್ತಿಕೇಂದ್ರ" ಎಂದೆ. ಒಂದು ಅಂಕದ ಪ್ರಶ್ನೆ. ಇಷ್ಟು ವರ್ಷದ ಮೇಲೂ ಬಾಯಿಗೆ ಬಂತು.

"ಹೌದು. ಆದರೆ ಅಷ್ಟೇ ಅಲ್ಲ. ಅಡ್ರಿನಲ್‌ನಲ್ಲಿ ಇದಕ್ಕೆ ಇನ್ನೊಂದು ಕೆಲಸ ಉಂಟು. ಹಾರ್ಮೋನ್ ತಯಾರಿ ಶುರುವಾಗುವುದೇ ಇದರೊಳಗೆ. ಮುಗಿಯುವುದೂ ಇದರೊಳಗೆ. ನಡುವಿನ ಕೆಲಸ ಮಾತ್ರ ಹೊರಗೆ."

ಕಚ್ಚಾ ಮಾಲು ಕೊಲೆಸ್ಟರಾಲ್ ಎಂದರು. ಎಲ್ಲರೂ ಬೈಯುವ ಆ ಕೊಬ್ಬೇ. ಮೈಟೋಕಾಂಡ್ರಿಯಾಕ್ಕೆ ಎರಡು ಗೋಡೆ. ಕೊಲೆಸ್ಟರಾಲ್ ಹೊರಗೋಡೆಯವರೆಗೆ ಬರುತ್ತದೆ. ಕತ್ತರಿಸಿ ಹಾರ್ಮೋನ್ ಮಾಡುವ ಯಂತ್ರ ಇರುವುದು ಒಳಗೋಡೆಯಲ್ಲಿ. ಆ ಎರಡರ ನಡುವೆ ಕೊಬ್ಬು ತಾನಾಗಿ ದಾಟಲಾರದು. ದಾಟಿಸಲೆಂದೇ ಒಂದು ಪ್ರೋಟೀನ್ ಇದೆ. ಮಗಳಲ್ಲಿ ಆ ಪ್ರೋಟೀನ್ ಹುಟ್ಟಿನಿಂದಲೇ ಸರಿಯಾಗಿಲ್ಲ.

ನಾನು ಚಿತ್ರವನ್ನೇ ನೋಡುತ್ತಿದ್ದೆ. "ಹಮಾಲ ಇಲ್ಲ ಅನ್ರಿ" ಎಂದೆ.

"ಎಂತ?"

"ಮಾಲು ಗೇಟಿಗೆ ಬಂದೈತಿ. ಒಳಗ ಮಶೀನು ಛಲೋ ಐತಿ. ಗೇಟಿಂದ ಒಳಗ ಹಾಕೋ ಹಮಾಲ ಇಲ್ಲ."

ಡಾಕ್ಟರಮ್ಮ ನನ್ನನ್ನೇ ನೋಡಿದರು. "ಪೂರ್ತಿ ಇಲ್ಲ ಅಂತಲ್ಲ. ಇದ್ದಾನೆ, ಬಲ ಇಲ್ಲ. ಅದಕ್ಕೇ ಇವಳು ಇಷ್ಟು ವರ್ಷ ತಳ್ಳಿದ್ದು. ಕೆಲವು ಮಕ್ಕಳಲ್ಲಿ ಹುಟ್ಟಿದ ತಿಂಗಳಲ್ಲೇ ಗೊತ್ತಾಗ್ತದೆ."

"ಹಮಾಲ ಎತ್ತಲಿಲ್ಲಂದ್ರ ಮಾಲು ಗೇಟಿನ್ಯಾಗ ಒಟ್ಟತೈತ್ರಿ. ಹಿಂದಿನ ಲಾರಿಯವ ಹಾರ್ನ್ ಹೊಡಿತಾನ. ಕಡೀಕ ಗೇಟೇ ಬಂದಾಗತೈತಿ."

"ಅದೇ, ಅದೇ ಆದದ್ದು ಇಲ್ಲಿ" ಎಂದು ಅವರು ಪೆನ್ನಿನಿಂದ ಗೋಲದೊಳಗೆಲ್ಲ ಚುಕ್ಕಿ ತುಂಬಿದರು. ಒಳಗೆ ಹೋಗದ ಕೊಬ್ಬು ಅಲ್ಲೇ ರಾಶಿ ಬಿದ್ದು ಇಡೀ ಕೋಶವನ್ನೇ ಕೆಡಿಸಿತ್ತು. ಇತ್ತ ಮೆದುಳು, ಕಾರ್ಟಿಸೋಲ್ ಎಲ್ಲಿ, ಕಾರ್ಟಿಸೋಲ್ ಎಲ್ಲಿ ಎಂದು ಎಸಿಟಿಎಚ್ ಕಳಿಸುತ್ತಲೇ ಇತ್ತು. ಅದು ಅತಿಯಾದಾಗ ಚರ್ಮಕ್ಕೂ ಬಣ್ಣ ಹಾಕುತ್ತದೆ. ಅಂದರೆ ಮಗಳ ಬಣ್ಣ ಹಿಂದಿನ ಲಾರಿಯ ಹಾರ್ನು. ಒಂದೂವರೆ ವರ್ಷ ಅದು ಬಡಿದುಕೊಂಡಿತ್ತು. ನಾನು ಕೇಳಿ ಖುಷಿಪಟ್ಟಿದ್ದೆ.

ನಂತರ ಅವರು ಮೆಲ್ಲಗೆ ಕೇಳಿದರು. "ನಿಮ್ಮದು ಸಂಬಂಧದಲ್ಲಿ ಮದುವೆಯಾ?"

"ಅಕ್ಕನ ಮಗಳ್ರಿ."

ತಂದೆ, ತಾಯಿ ಇಬ್ಬರಲ್ಲೂ ಆ ಪ್ರೋಟೀನಿನ ಜೀನಿನ ಒಂದೊಂದು ಕೆಟ್ಟ ಪ್ರತಿ ಇದ್ದು, ಎರಡೂ ಮಗುವಿಗೆ ಬಂದರೆ ಮಾತ್ರ ಈ ಕಾಯಿಲೆ. ಒಂದೇ ಮನೆತನದವರಾದರೆ ಹಾಗಾಗುವ ಸಾಧ್ಯತೆ ಹೆಚ್ಚು. ಅದನ್ನು ಅವರು ಎಷ್ಟು ನಯವಾಗಿ ಹೇಳಬಹುದೋ ಅಷ್ಟು ನಯವಾಗಿ ಹೇಳಿದರು. ಇದು ಯಾರ ತಪ್ಪೂ ಅಲ್ಲ ಎಂದರು. ಬರುವಾಗ ಲೋಕಲ್ ರೈಲಿನಲ್ಲಿ ಸುವರ್ಣ ಕಿಟಕಿಯಾಚೆ ನೋಡುತ್ತಾ ಕೂತಳು. ಐರೋಲಿ ಸ್ಟೇಷನ್ ದಾಟಿದ ಮೇಲೆ, "ಅವ್ವಗ ಹೇಳಬ್ಯಾಡ್ರಿ" ಎಂದಳು.

ಆದರೆ ಅಕ್ಕನ ಹತ್ತಿರ ಏನನ್ನೂ ಮುಚ್ಚಿಡಲು ನನಗೆ ಬರುವುದಿಲ್ಲ. ಮುಂದಿನ ವಾರ ಫೋನಿನಲ್ಲಿ ಅವಳು ಬಿಡಿಸಿ ಬಿಡಿಸಿ ಕೇಳಿದಾಗ ಹೇಳಿಬಿಟ್ಟೆ. ಅವಳು ಫೋನ್ ಇಟ್ಟುಬಿಟ್ಟಳು. ಹದಿನೈದು ದಿನಕ್ಕೆ ಒಂದು ಟ್ರಂಕು, ಎರಡು ಚೀಲ ರೊಟ್ಟಿ, ದೇವಿಯ ಫೋಟೋ ಹಿಡಿದು ಕಲ್ಯಾಣದಲ್ಲಿ ರೈಲಿಳಿದಳು. ಎಷ್ಟು ದಿನ ಇರುತ್ತಿ ಎಂದು ಯಾರೂ ಕೇಳಲಿಲ್ಲ. ಸುವರ್ಣ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದುದರಿಂದ ಮಧ್ಯಾಹ್ನದ ಮಾತ್ರೆ, ಸಂಜೆಯ ಮಾತ್ರೆ ಅಕ್ಕನ ಪಾಲಿಗೆ ಬಂದವು. ಗಡಿಯಾರ ಓದಲು ಬಾರದ ಹೆಂಗಸು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಟ್ಟಿದ್ದೆ. ಅದು ಕೂಗುವ ಮೊದಲೇ ನೀರಿನ ಲೋಟ ಹಿಡಿದು ನಿಂತಿರುತ್ತಿದ್ದಳು.

ಮಾತ್ರೆಯ ಜೊತೆ ಡಾಕ್ಟರಮ್ಮ ಒಂದು ಹಳದಿ ಕಾರ್ಡು ಕೊಟ್ಟಿದ್ದರು. ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಜ್ವರ ಬಂದರೆ ಡೋಸ್ ಹೆಚ್ಚಿಸಬೇಕು. ಮಾತ್ರೆ ವಾಂತಿಯಾದರೆ ತೊಡೆಗೆ ಇಂಜೆಕ್ಷನ್, ಆಮೇಲೆ ನೇರ ಆಸ್ಪತ್ರೆ. ಆರೋಗ್ಯವಂತರ ಮೈ ಜ್ವರದಲ್ಲಿ ಕಾರ್ಟಿಸೋಲನ್ನು ತಾನೇ ಹೆಚ್ಚು ಮಾಡಿಕೊಳ್ಳುತ್ತದಂತೆ. ಇವಳಿಗೆ ನಾವು ಮಾಡಿಕೊಡಬೇಕು. ಇಂಜೆಕ್ಷನ್ ಕಲಿಯಲು ನರ್ಸ್ ಒಂದು ಮೋಸಂಬಿ ಕೊಟ್ಟಳು. ಆ ಮೋಸಂಬಿಗೂ ನಾನು ಮೂರು ಸಲ ಅಡ್ಡಾದಿಡ್ಡಿ ಚುಚ್ಚಿದೆ.

ಎರಡು ವರ್ಷ ಚೆನ್ನಾಗಿ ಹೋಯಿತು. ಒಸಡು ಮೊದಲು ತಿಳಿಯಾಯಿತು, ಆಮೇಲೆ ಅಂಗೈ ಗೆರೆ, ಕೊನೆಗೆ ಮುಖ. ಪಲ್ಲವಿ ಮತ್ತೆ ತಾಯಿಯ ಹಾಗಾದಳು. ಹಮಾಲರು, "ಮುಕಾದಮ, ಕೂಸು ನಿಮ್ಮ ಪಾರ್ಟಿ ಬಿಟ್ಟಳಲ್ರಿ" ಎಂದರು. ಬಿಡಲಿ ಎಂದೆ.

ಅವಳು ಐದನೇ ಕ್ಲಾಸಿನಲ್ಲಿದ್ದಾಗ, ಬೇಸಿಗೆ ಶುರುವಿನ ಒಂದು ಶನಿವಾರ, ಮೈ ಕಾಯ್ದು ಹೊಟ್ಟೆಯ ಮೇಲೆ ನಾಲ್ಕು ನೀರು ಗುಳ್ಳೆ ಎದ್ದವು. ಸಂಜೆಗೆ ಬೆನ್ನು ತುಂಬಿತು. ಎದುರಿನ ಮನೆಯ ಮರಾಠಿ ಬಾಯಿ ಬಾಗಿಲಿನಿಂದಲೇ ನೋಡಿ, ಕಾಂಜಿಣ್ಯಾ ಎಂದಳು. ಡಾಕ್ಟರ ಭಾಷೆಯಲ್ಲಿ ಚಿಕನ್‌ಪಾಕ್ಸ್.

ನಮ್ಮ ಕಡೆ ಅದಕ್ಕೆ ಬೇರೆ ಹೆಸರು. ಅಮ್ಮ ಬಂದಾಳೆ ಎನ್ನುತ್ತೇವೆ. ತಾಯಿ ಮಗುವಿನ ಮೈಮೇಲೆ ಇಳಿದಿದ್ದಾಳೆ, ಅವಳಾಗಿ ಹೋಗುವವರೆಗೆ ಕಾಯಬೇಕು. ಬಾಗಿಲಿಗೆ ಬೇವು. ಹಾಸಿಗೆಗೆ ಬೇವು. ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ತಂಪು ಊಟ, ಮೊಸರನ್ನ, ಮಜ್ಜಿಗೆ. ಮತ್ತೆ ಔಷಧ ಕೊಡುವಂತಿಲ್ಲ. ಕೊಟ್ಟರೆ ತಾಯಿ ಮುನಿಯುತ್ತಾಳೆ. ನನಗೆ, ಸುವರ್ಣಗೆ, ನಮ್ಮ ಓಣಿಯ ಎಲ್ಲರಿಗೂ ಹೀಗೇ ಮಾಡಿದ್ದರು. ನಾವೆಲ್ಲ ಗುಣವಾಗಿದ್ದೆವು.

ಅಕ್ಕ ಶನಿವಾರ ಸಂಜೆಯೇ ಮಾತ್ರೆಯ ಪಟ್ಟಿಗಳನ್ನೆಲ್ಲ ಒಟ್ಟು ಮಾಡಿದಳು. ಅರಿಶಿಣ, ಕುಂಕುಮ ಹಚ್ಚಿ ದೇವಿಯ ಫೋಟೋದ ಮುಂದೆ ಗೂಡಿನಲ್ಲಿಟ್ಟಳು. "ಇನ್ನ ಒಂಬತ್ತು ದಿನ ಆಕಿ ನೋಡ್ಕೋತಾಳ" ಎಂದಳು.

ಇಲ್ಲಿ ನಾನು ಒಂದು ಮಾತನ್ನು ನೆಟ್ಟಗೆ ಹೇಳಬೇಕು. ಅಕ್ಕನ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಹಳದಿ ಕಾರ್ಡು ಓದಬಲ್ಲವನು ನಾನು. ಹಮಾಲ, ಗೇಟು, ಹಾರ್ನು ಎಂದು ಡಾಕ್ಟರಮ್ಮನಿಗೇ ಪಾಠ ಹೇಳಿದವನು ನಾನು. ಆದರೂ ಆ ಬೇವಿನ ವಾಸನೆ ಮೂಗಿಗೆ ಬಡಿದ ಕೂಡಲೇ ನಾನು ನಮ್ಮೂರಿನ ಹಳೇ ಮನೆಯ ಏಳು ವರ್ಷದ ಹುಡುಗನಾಗಿಬಿಟ್ಟೆ. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಒಳಗೆ ಹೋಗಿ ಕೈ ಮುಗಿದೆ.

ನಾನೂ ಮಾತ್ರೆಯನ್ನು ಗೂಡಿನಲ್ಲೇ ಬಿಟ್ಟೆ.

ಒಂದು ದಿನ ತಾನೇ ಎಂದುಕೊಂಡೆ. ಸುವರ್ಣ ಎರಡು ಸಲ ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳಲಿ ಎಂದು ಅವಳು, ಅವಳು ಹೇಳಲಿ ಎಂದು ನಾನು. ಸಂಜೆಯ ಮಾತ್ರೆ ತಪ್ಪಿತು. ಮರುದಿನ ಬೆಳಗಿನದೂ ತಪ್ಪಿತು. ಡೋಸ್ ಹೆಚ್ಚಿಸಬೇಕಾದ ದಿನ ಇದ್ದದ್ದನ್ನೂ ನಿಲ್ಲಿಸಿದ್ದೆವು.

ಭಾನುವಾರ ಹನ್ನೊಂದರ ಹೊತ್ತಿಗೆ ಪಲ್ಲವಿ, "ಪಪ್ಪಾ, ಚಕ್ಕರ್ ಆ ರಹಾ ಹೈ" ಎಂದಳು. ತಲೆ ತಿರುಗುತ್ತಿದೆ ಎಂದರೆ ಏನೆಂದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮುಟ್ಟಿದರೆ ಜ್ವರದಲ್ಲೂ ಕೈಕಾಲು ತಣ್ಣಗೆ. ಕಣ್ಣು ಎಳೆದು ಎಳೆದು ಮುಚ್ಚುತ್ತಿದ್ದಳು. ಸುವರ್ಣ ನನ್ನ ಮುಖ ನೋಡುವುದನ್ನು ಬಿಟ್ಟಳು. ನೇರ ಗೂಡಿನ ಹತ್ತಿರ ಹೋದಳು.

ಅಕ್ಕ ಅಡ್ಡ ನಿಂತಳು. "ಮುಟ್ಟಬ್ಯಾಡ ಸುವ್ವಿ. ನಾ ಮಾಡಿಸಿದ ಲಗ್ನದಿಂದ ಕೂಸಿಗೆ ಇಷ್ಟ ಆಗೇತಿ. ಈಗ ತಾಯೀನೂ ಎದುರ ಹಾಕ್ಕೊಂಡು ಅದನ್ನ ಕಳಕೊಳ್ಳಲಾ?"

ಆಗ ನನಗೆ ಅರ್ಥವಾಯಿತು. ಎರಡು ವರ್ಷ ಅವಳು ಅಲಾರಂಗಿಂತ ಮೊದಲು ಎದ್ದು ನಿಂತದ್ದು ಯಾಕೆ ಎಂದು. ಡಾಕ್ಟರಮ್ಮನಿಗೆ ಫೋನ್ ಹಚ್ಚಿದೆ. ಭಾನುವಾರ, ಎತ್ತುತ್ತಾರೋ ಇಲ್ಲವೋ ಎಂದುಕೊಂಡೆ. ಎತ್ತಿದರು. ಎರಡು ವಾಕ್ಯದಲ್ಲಿ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಅವರು, "ಫೋನ್ ಸ್ಪೀಕರಿಗೆ ಹಾಕಿ. ಮಗುವಿನ ಅಜ್ಜಿಯ ಹತ್ತಿರ ಮಾತಾಡ್ತೇನೆ" ಎಂದರು.

"ಅಮ್ಮಾ, ನಮಸ್ಕಾರ. ಮಾತ್ರೆ ಯಾಕೆ ನಿಲ್ಲಿಸಿದ್ರಿ?"

"ತಾಯಿ ಮೈಮ್ಯಾಗ ಅದಾಳ್ರೀ. ಔಷಧ ಕೊಡಾಂಗಿಲ್ಲ."

"ಸರಿ, ಔಷಧ ಕೊಡಬೇಡಿ. ಆದರೆ ಅದು ಔಷಧ ಅಲ್ಲ."

ಅಕ್ಕ ಫೋನನ್ನೇ ದಿಟ್ಟಿಸಿದಳು. "ಮತ್ತೇನ್ರೀ?"

"ನಿಮ್ಮ ಮೈಯೊಳಗೆ ದಿನಾ ಬೆಳಿಗ್ಗೆ ತಾನಾಗಿ ಆಗ್ತದಲ್ಲ, ಅದೇ ಅದು. ನಿಮಗೆ ಆಗ್ತದೆ, ನನಗೆ ಆಗ್ತದೆ, ಹಾಲು ಕುಡಿಯುವ ಮಗುವಿಗೂ ಆಗ್ತದೆ. ಇವಳ ಮೈಗೆ ಮಾಡ್ಲಿಕ್ಕೆ ಬರುವುದಿಲ್ಲ. ಅದಕ್ಕೆ ಹೊರಗಿಂದ ಹಾಕುವುದು. ಮಗುವಿಗೆ ಅಮ್ಮ ಬಂದರೆ ನೀವು ಅನ್ನ ನಿಲ್ಲಿಸ್ತೀರಾ?"

"ಅನ್ನ ಹೆಂಗ ನಿಲ್ಲಸ್ತಾರ್ರೀ? ಮೊಸರನ್ನ ಹಾಕ್ತೀವಿ."

"ನೀರು?"

"ಕೊಡ್ತೀವಿ."

"ಇದೂ ಹಾಗೇ ಅಮ್ಮ. ನಾನು ರೋಗ ಓಡಿಸ್ಲಿಕ್ಕೆ ಕೊಟ್ಟದ್ದಲ್ಲ. ಬೇವು ಇರಲಿ, ಮೊಸರನ್ನ ಇರಲಿ. ಅದರ ಜೊತೆ ಇದೂ ಇರಲಿ. ನಿಲ್ಲಿಸಿದ್ರೆ ಮಗು ಉಪವಾಸ ಬಿದ್ದ ಹಾಗೆ."

ಅಕ್ಕ ತಿರುಗಿ ಫೋಟೋಕ್ಕೆ ಕೈ ಮುಗಿದಳು. "ಯವ್ವಾ, ಉಪಾಸ ಕೆಡವೀನಿ ಕೂಸಿನ್ನ. ನನಗ ತಿಳಿದಿಲ್ಲ" ಎಂದಳು. ಪಟ್ಟಿ ತೆಗೆದು ತಾನೇ ಮಾತ್ರೆ ಬಿಡಿಸಿದಳು. ಮಜ್ಜಿಗೆಯಲ್ಲಿ ಅರೆದು ಚಮಚದಿಂದ ಕುಡಿಸಿದಳು. ಕುಂಕುಮ ಹತ್ತಿದ ಬೆರಳು ಮಜ್ಜಿಗೆಯಲ್ಲಿ ಸ್ವಲ್ಪ ಕೆಂಪು ಬಿಟ್ಟಿತು.

ಐದು ನಿಮಿಷಕ್ಕೆ ಪಲ್ಲವಿ ಎಲ್ಲವನ್ನೂ ವಾಂತಿ ಮಾಡಿದಳು.

ಫೋನ್ ಇನ್ನೂ ಚಾಲೂ ಇತ್ತು. "ಇಂಜೆಕ್ಷನ್ ಕೊಡಿ. ಈಗಲೇ" ಎಂದರು ಡಾಕ್ಟರಮ್ಮ. ಡಬ್ಬಿ ಕಪಾಟಿನ ಮೇಲಿತ್ತು. ಪುಡಿಗೆ ನೀರು ಸೇರಿಸಿದೆ. ಅಲ್ಲಾಡಿಸಿದೆ. ಸಿರಿಂಜಿಗೆ ಎಳೆದೆ. ಮೋಸಂಬಿ ನೆನಪಾಯಿತು. ಸೂಜಿ ಕಂಡರೆ ಮುಖ ತಿರುಗಿಸುವ ಅಕ್ಕ ಬೇವಿನೆಲೆ ಸರಿಸಿ ಮೊಮ್ಮಗಳ ತೊಡೆಯನ್ನು ಎರಡೂ ಕೈಯಿಂದ ಗಟ್ಟಿ ಹಿಡಿದಳು. "ಹಾಕು ತಮ್ಮಾ. ಅನ್ನ ಅಂದ್ರಲ್ಲ ಅವರು. ಹಾಕು."

ಹಾಕಿದೆ. ಒಂದೇ ಸಲಕ್ಕೆ ನೆಟ್ಟಗೆ ಹೋಯಿತು.

ಟ್ಯಾಕ್ಸಿಯಲ್ಲಿ ಠಾಣೆಗೆ ಹೊರಟೆವು. ಅಕ್ಕ ಒಂದು ಕೈಯಲ್ಲಿ ಬೇವಿನ ಕಟ್ಟು ಹಿಡಿದು, ಇನ್ನೊಂದು ಕೈಯನ್ನು ಪಲ್ಲವಿಯ ಎದೆಯ ಮೇಲಿಟ್ಟು ಕೂತಿದ್ದಳು. ಐರೋಲಿ ನಾಕಾದ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಪಲ್ಲವಿ ಕಣ್ಣು ಬಿಟ್ಟು, "ಆಯಿ, ಪತ್ತಾ ಚುಭ್ ರಹಾ ಹೈ" ಎಂದಳು. ಆಯಿ ಎಂದರೆ ಅವಳಿಗೆ ಅಜ್ಜಿ. ಎಲೆ ಚುಚ್ಚುತ್ತಿದೆಯಂತೆ. ಹಿಂದಿ ಬಾರದ ಅಕ್ಕನಿಗೆ ಅದು ಹೇಗೋ ತಿಳಿಯಿತು. ಕಟ್ಟನ್ನು ಸರಿಸಿದಳು. ಸುವರ್ಣ ಮುಂದಿನ ಸೀಟಿನಲ್ಲಿ ಸದ್ದು ಮಾಡಿ ಅತ್ತಳು. ಡ್ರೈವರ್ ಹೆದರಿ ಎಸಿ ಹಾಕಿದ.

ಆಸ್ಪತ್ರೆಯಲ್ಲಿ ಪ್ರತ್ಯೇಕ ಕೋಣೆಯಲ್ಲಿ ಮೂರು ದಿನ ಡ್ರಿಪ್. ಸೋಡಿಯಂ ಇಳಿದಿತ್ತು, ಶುಗರ್ ಇಳಿದಿತ್ತು. ಎರಡೂ ಮೇಲೆ ಬಂದವು. ಚಿಕನ್‌ಪಾಕ್ಸಿಗೆಂದೇ ಇನ್ನೊಂದು ಔಷಧವನ್ನೂ ಕೊಟ್ಟರು. ಆ ಬಾಟಲಿಯಲ್ಲಿ ಏನಿದೆ ಎಂದು ಅಕ್ಕ ಕೇಳಲಿಲ್ಲ, ನಾವೂ ಹೇಳಲಿಲ್ಲ. ಇಂಜೆಕ್ಷನ್ ಇನ್ನೊಂದು ತಾಸು ತಡವಾಗಿದ್ದರೆ ಎಂದು ಶುರು ಮಾಡಿದ ಡಾಕ್ಟರಮ್ಮ ಅಲ್ಲಿಗೇ ನಿಲ್ಲಿಸಿದರು. ಆ ವಾಕ್ಯದ ಉಳಿದರ್ಧವನ್ನು ನಾನು ಈಗಲೂ ಕೆಲವು ದಿನ ಗೋದಾಮಿನಲ್ಲಿ ನಿಂತು ಮುಗಿಸುತ್ತೇನೆ. ಆಮೇಲೆ ಮನೆಗೆ ಫೋನ್ ಮಾಡಿ, ಮಾತ್ರೆ ಆಯಿತಾ ಎಂದು ಕೇಳುತ್ತೇನೆ.

ಆದರೂ ಎದೆ ಹಗುರವಾಗಿದೆ. ಇದು ಹೋಗುವ ಕಾಯಿಲೆಯಲ್ಲ. ಪಲ್ಲವಿ ದೊಡ್ಡವಳಾಗುವ ಹೊತ್ತಿಗೆ ಇನ್ನೇನು ತೊಡಕು ಬರುತ್ತದೋ ನೋಡೋಣ ಎಂದಿದ್ದಾರೆ. ಬರಲಿ, ನೋಡೋಣ. ಒಳಗೆ ಎತ್ತಿ ಹಾಕುವ ಹಮಾಲನಿಗೆ ಬಲವಿಲ್ಲ, ಇರಲಿ. ಹೊರಗೆ ನಾವು ಮೂವರಿದ್ದೇವೆ.

ಗುಳ್ಳೆ ಎದ್ದ ಒಂಬತ್ತನೇ ದಿನ ಮನೆಯಲ್ಲಿ ತಾಯಿಯನ್ನು ಕಳಿಸುವ ಶಾಸ್ತ್ರ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆಯಾಗಿದ್ದವು. ಬೇವು ಹಾಕಿ ಕಾಯಿಸಿದ ನೀರನ್ನು ಅಕ್ಕ ಮೊಮ್ಮಗಳ ತಲೆಯ ಮೇಲೆ ಎರೆದಳು. ಹೊಸ ಲಂಗ ಉಡಿಸಿದಳು. ಬಾಳೆ ಎಲೆಯ ತುದಿಯಲ್ಲಿ ಮೊಸರನ್ನ ಗುಡ್ಡೆ ಹಾಕಿ, ಬೆಲ್ಲ ಇಟ್ಟು, ದೇವಿಯ ಫೋಟೋದ ಮುಂದೆ ಎಡೆ ಹಿಡಿದಳು. ಅಷ್ಟರಲ್ಲಿ ಮಧ್ಯಾಹ್ನದ ಅಲಾರಂ ಹೊಡೆಯಿತು.

ಅಕ್ಕ ಕೂತಲ್ಲಿಂದಲೇ ಕೈ ಚಾಚಿದಳು. ಸುವರ್ಣ ಪಟ್ಟಿ ಕೊಟ್ಟಳು. ಅಕ್ಕ ಮಾತ್ರೆ ಬಿಡಿಸಿ ಎಲೆಯ ಮೇಲೆ, ಮೊಸರನ್ನ ಮತ್ತು ಬೆಲ್ಲದ ನಡುವೆ ಇಟ್ಟಳು. ಎಲ್ಲದರ ಸುತ್ತ ನೀರು ಬಿಟ್ಟು ಕಣ್ಣು ಮುಚ್ಚಿದಳು. ಆಮೇಲೆ ಎಲೆಯನ್ನು ಪಲ್ಲವಿಯ ಮುಂದೆ ಸರಿಸಿದಳು.

"ಉಣ್ಣವ್ವಾ" ಎಂದಳು.

ಪಲ್ಲವಿ ಮೊದಲು ಮಾತ್ರೆ ನುಂಗಿದಳು. ಆಮೇಲೆ ಮೊಸರನ್ನ ತಿಂದಳು. ಬೆಲ್ಲವನ್ನು ಕೊನೆಗೆ ಉಳಿಸಿಕೊಂಡಳು.